ಸಾಕಿದವರ ಹೆಸರು

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ನಾರ್ಥಾಂಪ್ಟನ್ ಎಂಬ ಚಿಕ್ಕ ಊರಿದೆ. 1980ರ ದಶಕದ ಕೊನೆಯಲ್ಲಿ ಒಂದು ದಿನ ಅಲ್ಲಿನ ಬೀದಿಯಲ್ಲಿ ಮಹಿಳೆಯೊಬ್ಬರು ಲೇಖಕಿ ಲೆಸ್ಲಿಯಾ ನ್ಯೂಮನ್ ಅವರನ್ನು ತಡೆದು ನಿಲ್ಲಿಸಿ ತಮ್ಮ ಕೊರತೆಯೊಂದನ್ನು ಹೇಳಿಕೊಂಡರು. ಅವರ ಮನೆಯಲ್ಲಿ ಒಂದು ಹೆಣ್ಣುಮಗುವಿತ್ತು. ಮಗುವಿಗೆ ಇಬ್ಬರು ತಾಯಂದಿರು. ಓದಿ ಹೇಳುವುದಕ್ಕೆ ಕಥೆಯ ಪುಸ್ತಕಗಳಿಗೇನೂ ಬರವಿರಲಿಲ್ಲ. ಆದರೆ ತಮ್ಮಂಥ ಮನೆಯನ್ನು ಚಿತ್ರಿಸಿದ ಪುಸ್ತಕ ಅವರಿಗೆ ಒಂದೂ ಸಿಕ್ಕಿರಲಿಲ್ಲ.

ನ್ಯೂಮನ್ ಆ ಪುಸ್ತಕವನ್ನು ತಾವೇ ಬರೆದರು. ಅಚ್ಚು ಹಾಕಲು ಯಾವ ಪ್ರಕಾಶಕರೂ ಮುಂದೆ ಬರಲಿಲ್ಲ. ಗೆಳತಿಯೊಬ್ಬರ ನೆರವಿನಿಂದ ಹತ್ತು ಹತ್ತು ಡಾಲರುಗಳ ವಂತಿಗೆ ಕೂಡಿಸಿ, 1989ರಲ್ಲಿ 'ಹೆದರ್ ಹ್ಯಾಸ್ ಟೂ ಮಮ್ಮೀಸ್' ಎಂಬ ಹೆಸರಿನಿಂದ ಅದು ಹೊರಬಂತು. ಹೆದರ್ ಎಂಬ ಹುಡುಗಿಗೆ ಇಬ್ಬರು ಅಮ್ಮಂದಿರು ಎಂಬುದಷ್ಟೇ ಅದರ ವಿಷಯ. ಮುಂದಿನ ಹತ್ತು ವರ್ಷಗಳಲ್ಲಿ ಆ ದೇಶದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳಲ್ಲಿ ಅದೂ ಒಂದಾಯಿತು.

ಮಗುವಿಗೊಂದು ಪುಸ್ತಕವಿಲ್ಲದಿರುವುದು ಸಣ್ಣ ಕೊರತೆ ಎನ್ನುವವರು ಇರಬಹುದು. ಅದಕ್ಕೂ ಹದಿನೈದು ವರ್ಷ ಹಿಂದೆ ಇಂಥ ತಾಯಂದಿರು ಮಗುವನ್ನೇ ಕಳೆದುಕೊಳ್ಳುತ್ತಿದ್ದರೆಂಬುದನ್ನು ನೆನೆದರೆ, ಆ ಪುಸ್ತಕದ ಹಿಂದಿನ ದಾರಿ ಎಷ್ಟು ದುರ್ಗಮವಾಗಿತ್ತೆಂಬುದು ತಿಳಿಯುತ್ತದೆ. 1975ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಒಂದು ಮೊಕದ್ದಮೆ ನಡೆಯಿತು. ಗಂಡನಿಂದ ಬೇರೆಯಾಗಿ, ಮತ್ತೊಬ್ಬ ಮಹಿಳೆಯೊಡನೆ ಸಂಸಾರ ಹೂಡಿದ್ದ ತಾಯಿಯ ಕೈಯಿಂದ ಅವರ ಒಂಬತ್ತು ವರ್ಷದ ಮಗನನ್ನು ತೆಗೆದು ತಂದೆಯ ವಶಕ್ಕೆ ಕೊಡಬೇಕೆಂದು ಜ್ಯೂರಿ ತೀರ್ಮಾನಿಸಿತು. ಅಂದಿನ ದಿನಗಳಲ್ಲಿ ಇದು ಅಪರೂಪದ ತೀರ್ಪಾಗಿರಲಿಲ್ಲ.

ಇಂಥ ತಾಯಂದಿರಿಗೆ ನೆರವಾಗಲೆಂದು 1974ರಲ್ಲಿ ಸಿಯಾಟಲ್ ನಗರದಲ್ಲಿ ಒಂದು ರಕ್ಷಣಾ ನಿಧಿ ಹುಟ್ಟಿತು. ವಕೀಲರನ್ನು ಹುಡುಕಿಕೊಡುವುದು, ವೆಚ್ಚಕ್ಕೆ ಹಣ ಒದಗಿಸುವುದು, ಒಬ್ಬಳ ಅನುಭವ ಇನ್ನೊಬ್ಬಳಿಗೆ ತಲಪುವಂತೆ ಮಾಡುವುದು ಅದರ ಕೆಲಸ. ಅದು ಹೊರಡಿಸುತ್ತಿದ್ದ ಪತ್ರಿಕೆಯ ಹೆಸರು 'ಮಾಮ್ಸ್ ಆಪಲ್ ಪೈ'. ಅಮ್ಮನ ಕೈಯ ಸೇಬಿನ ಕಡುಬು ಎಂದರೆ ಅಮೆರಿಕನ್ನರಿಗೆ ತಾಯ್ತನದ, ಮನೆತನದ ಸಂಕೇತ. ನಾವೂ ತಾಯಂದಿರೇ ಎಂಬ ಮಾತನ್ನು ಅವರು ಆ ಹೆಸರಿನಲ್ಲಿಯೇ ಹೇಳಿದ್ದರು.

ಇಷ್ಟಾದರೂ ಮಕ್ಕಳಿಗೆ ಬೇಕಾದುದೆಲ್ಲವನ್ನೂ ಹಿರಿಯರು ಕೊಡಲಾರರು. ತನ್ನ ಮನೆಯಂಥದೇ ಮನೆಯಿಂದ ಬಂದ ಇನ್ನೊಂದು ಮಗುವಿನ ಗೆಳೆತನವನ್ನು ಯಾವ ತಾಯಿತಂದೆಯೂ ತಮ್ಮ ಮಡಿಲಿನಿಂದ ತೆಗೆದುಕೊಡುವಂತಿಲ್ಲ. 1990ರಲ್ಲಿ ರೂಪುಗೊಂಡ 'ಕೊಲಾಜ್' ಎಂಬ ಸಂಸ್ಥೆ ಈ ಮಕ್ಕಳದೇ ಸಂಸ್ಥೆ. ಅವರ ಬಗ್ಗೆ ದೊಡ್ಡವರು ವಾದಿಸುತ್ತಿದ್ದ ಕಾಲದಲ್ಲಿ ಅವರೇ ಒಟ್ಟಿಗೆ ಕುಳಿತು ಮಾತನಾಡತೊಡಗಿದರು. ವಿದ್ವಾಂಸರೂ ಸುಮ್ಮನಿರಲಿಲ್ಲ. ನ್ಯಾನೆಟ್ ಗಾರ್ಟ್ರೆಲ್ ಎಂಬ ವೈದ್ಯೆ 1986ರಲ್ಲಿ ಇಂಥ ತಾಯಂದಿರ ಮನೆಗಳ ದೀರ್ಘ ಅಧ್ಯಯನವೊಂದನ್ನು ಆರಂಭಿಸಿದರು. ಆ ಮನೆಗಳಲ್ಲಿ ಹುಟ್ಟಿದ 78 ಮಕ್ಕಳು ಹದಿನೇಳರ ವಯಸ್ಸಿನಲ್ಲಿ ಓದಿನಲ್ಲಾಗಲಿ ನಡತೆಯಲ್ಲಾಗಲಿ ಇತರರಿಗಿಂತ ಹಿಂದೆ ಬಿದ್ದಿರಲಿಲ್ಲವೆಂಬ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಅವು ತಾವಾಗಿಯೇ ಅಧ್ಯಯನಕ್ಕೆ ಒಪ್ಪಿಬಂದ ಮನೆಗಳೆಂಬುದನ್ನು ಮರೆಯಬಾರದು. ಆದರೂ ಡಲ್ಲಾಸಿನ ನ್ಯಾಯಾಲಯದಲ್ಲಿ ಆಡಲಾದ ಭಯಕ್ಕೆ ಆ ಮಕ್ಕಳ ಬದುಕಿನಲ್ಲಿ ಆಧಾರ ಸಿಗಲಿಲ್ಲ.

ಇದೆಲ್ಲ ದೂರದೇಶದ ಕಥೆ ಎಂದು ನಾವು ಪತ್ರಿಕೆಯನ್ನು ಮಡಿಸಿಡುವಂತಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಒಂದು ಮಗು ಜನಿಸಿತು. ಮಗುವನ್ನು ಹೆತ್ತವರು ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುತ್ತಿರುವವರು. ಅವರ ಸಂಗಾತಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವರು. ನಗರಪಾಲಿಕೆ ಕೊಟ್ಟ ಜನನ ಪತ್ರದಲ್ಲಿ 'ತಾಯಿ' ಎಂಬಲ್ಲಿ ಮಗು ಅಪ್ಪನೆಂದು ಕರೆಯಲಿರುವವರ ಹೆಸರೂ, 'ತಂದೆ' ಎಂಬಲ್ಲಿ ಅಮ್ಮನೆಂದು ಕರೆಯಲಿರುವವರ ಹೆಸರೂ ಬಿದ್ದವು. ಶಾಲೆಗೆ ಸೇರುವಾಗ, ಪಾಸ್‌ಪೋರ್ಟ್ ಪಡೆಯುವಾಗ, ಉದ್ಯೋಗಕ್ಕೆ ಅರ್ಜಿ ಹಾಕುವಾಗ, ಮಗು ತನ್ನ ಮನೆಯ ಕಥೆಯನ್ನು ಅಪರಿಚಿತರ ಮುಂದೆ ಬಿಚ್ಚಿಡಬೇಕಾದೀತೆಂಬುದು ಇಬ್ಬರ ಅಳಲು. ಅವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2025ರ ಜೂನ್ ತಿಂಗಳಲ್ಲಿ ಕೇರಳದ ಉಚ್ಚ ನ್ಯಾಯಾಲಯ, ತಂದೆ ತಾಯಿ ಎಂಬ ಭೇದವನ್ನು ಕಾಣಿಸದೆ, ಇಬ್ಬರನ್ನೂ ಪೋಷಕರೆಂದಷ್ಟೇ ನಮೂದಿಸಿ ಹೊಸ ಪತ್ರ ಕೊಡಬೇಕೆಂದು ಆಜ್ಞಾಪಿಸಿತು.

ಆ ಒಂದು ಮನೆಗೆ ದೊರೆತ ಸಮಾಧಾನ ಎಲ್ಲ ಮನೆಗಳಿಗೂ ದೊರೆತಿಲ್ಲ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ಸಂಗಾತಿಗಳ ವಿವಾಹದ ಪ್ರಶ್ನೆಯನ್ನು ತೀರ್ಮಾನಿಸಿದಾಗ, ದತ್ತಕದ ಪ್ರಶ್ನೆಯೂ ಅದರೊಡನಿತ್ತು. ಇಂಥ ಜೋಡಿಗಳು ಕೂಡಿ ದತ್ತು ಪಡೆಯಲು ಅವಕಾಶವಿರಬೇಕೆಂದು ಇಬ್ಬರು ಅಭಿಪ್ರಾಯಪಟ್ಟರು, ಮೂವರು ಒಪ್ಪಲಿಲ್ಲ. ಆದುದರಿಂದ ಇಬ್ಬರಲ್ಲಿ ಒಬ್ಬರು ಮಾತ್ರ, ಒಂಟಿ ವ್ಯಕ್ತಿಯಾಗಿ, ಮಗುವನ್ನು ದತ್ತು ಪಡೆಯಬಹುದು; ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಪಡೆಯಲು ಅವಕಾಶವಿಲ್ಲ. ಇನ್ನೊಬ್ಬರು ಆ ಮಗುವನ್ನು ಎತ್ತಿ ಆಡಿಸಿದರೂ, ಜ್ವರದ ರಾತ್ರಿಗಳಲ್ಲಿ ನಿದ್ದೆಗೆಟ್ಟರೂ, ಕಾನೂನಿನ ಕಣ್ಣಿಗೆ ಪರಕೀಯರೇ. ಮರಣಶಾಸನ ಬರೆಯದೆ ಅವರು ತೀರಿಕೊಂಡರೆ, ಅವರ ಆಸ್ತಿಯಲ್ಲಿ ಮಗುವಿಗೆ ಉತ್ತರಾಧಿಕಾರವಿಲ್ಲ.

ಹಾಗಾದರೆ ಇಂಥ ಮನೆಗಳಿಗೆ ಆಸರೆ ಎಲ್ಲಿದೆ? ಕೆಲವು ದಾರಿಗಳು ತೆರೆದಿವೆ. ಮರಣಶಾಸನದಿಂದ ಮಗುವಿಗೆ ಆಸ್ತಿಯನ್ನು ಬಿಟ್ಟುಹೋಗಬಹುದು. ತಾನಿಲ್ಲದ ದಿನ ಮಗುವಿನ ರಕ್ಷಕರು ಯಾರಾಗಬೇಕೆಂಬ ಇಚ್ಛೆಯನ್ನೂ ಅದರಲ್ಲಿ ಬರೆದಿಡಬಹುದು. ಇಂಥ ಜೋಡಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಎಣಿಸಬೇಕೆಂದೂ, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲವೆಂದೂ ಕೇಂದ್ರ ಸರ್ಕಾರ 2024ರಲ್ಲಿ ತಿಳಿಸಿತು. ಒಂದು ಒಲೆಯಲ್ಲಿ ಅನ್ನ ಬೇಯಿಸಿಕೊಳ್ಳುವವರು ಒಂದು ಚೀಟಿಯಲ್ಲಿರಬಹುದೆಂಬುದು ಅಲ್ಪವೇನಲ್ಲ. ಆದರೆ ಇವೆಲ್ಲ ವಕೀಲರನ್ನು ಕಾಣಬಲ್ಲವರಿಗೆ, ಸುತ್ತೋಲೆಗಳನ್ನು ಓದಬಲ್ಲವರಿಗೆ ಸಿಗುವ ಆಸರೆ. ಮಗುವಿಗೆ ದಿನದಿನವೂ ಬೇಕಾದ ಆಸರೆ ಬೇರೆಯೇ ಇದೆ; ಅದು ಶಾಲೆಯ ಬಾಗಿಲಲ್ಲಿ ಸಿಗಬೇಕಾದದ್ದು.

ಇಲ್ಲಿ ನಮ್ಮ ಭಾಷೆ ನಮಗಿಂತ ಉದಾರವಾಗಿದೆ. ಅಮರಕೋಶವನ್ನು ಬಾಯಿಪಾಠ ಮಾಡಿದ ಹಿರಿಯರಿಗೆ ಷಾಣ್ಮಾತುರ ಎಂಬ ಶಬ್ದ ನೆನಪಿರುತ್ತದೆ. ಆರು ಮಂದಿ ಕೃತ್ತಿಕೆಯರ ಹಾಲುಂಡು ಬೆಳೆದ ಕುಮಾರಸ್ವಾಮಿಗೆ ಆರು ತಾಯಂದಿರ ಮಗನೆಂದೇ ಹೆಸರು. ಪುರಾಣದ ಕಥೆಯೊಂದರಿಂದ ಇಂದಿನ ಕಾನೂನಿಗೆ ಪ್ರಮಾಣ ತೆಗೆಯುವುದು ಸಲ್ಲದು. ಆದರೂ ಸಾಕಿದವರ ಹೆಸರನ್ನು ಮಗುವಿನ ಹೆಸರಿಗೆ ಸೇರಿಸುವುದು ನಮಗೆ ಹೊಸ ಸಂಗತಿಯಲ್ಲವೆಂದು ಹೇಳಬಹುದು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಶಾಲೆಗಳಲ್ಲಿ ದಿನನಿತ್ಯ ಬಳಸುವ 'ಪೋಷಕರು' ಎಂಬ ಮಾತನ್ನೇ ನೋಡಿ. ಅದು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಹೆತ್ತವರೋ ಅಲ್ಲವೋ ಎಂದೂ ಕೇಳುವುದಿಲ್ಲ. ಪೋಷಿಸುತ್ತಿರುವವರು ಯಾರೆಂಬುದೊಂದೇ ಅದರ ಪ್ರಶ್ನೆ. ಕೋಳಿಕ್ಕೋಡಿನ ಆ ಇಬ್ಬರು ಎರಡು ವರ್ಷ ಕಾದು ಪಡೆದುಕೊಂಡ ಪದದ ಕೆಲಸವನ್ನು ನಮ್ಮ ಉಪಾಧ್ಯಾಯರು ಎಷ್ಟೋ ಕಾಲದಿಂದ ಈ ಪದದಿಂದ ಮಾಡಿಸುತ್ತಿದ್ದಾರೆ.

ಅಂಕಪಟ್ಟಿಯ ಕೆಳಗೆ 'ಪೋಷಕರ ಸಹಿ' ಎಂದು ಅಚ್ಚಾಗಿರುತ್ತದೆ. ಅದರ ಮುಂದೆ ಒಂದು ಖಾಲಿ ಗೆರೆ. ಇಬ್ಬರು ಅಮ್ಮಂದಿರ ಮನೆಯಿಂದಲೋ ಇಬ್ಬರು ಅಪ್ಪಂದಿರ ಮನೆಯಿಂದಲೋ ಬಂದ ಮಗು ನಾಳೆ ಆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಾಗ, ಉಪಾಧ್ಯಾಯರು ಸಹಿಯನ್ನು ಎರಡನೆಯ ಸಲ ನೋಡದೆ ಪಟ್ಟಿಯನ್ನು ತೆಗೆದಿರಿಸಿದರೆ ಸಾಕು. ಹಿಂದಿನ ರಾತ್ರಿ ಪಕ್ಕದಲ್ಲಿ ಕುಳಿತು ಮಗ್ಗಿ ಒಪ್ಪಿಸಿಕೊಂಡವರು ಹಾಕಿದ ಸಹಿ ಅದು.