ಕಾಣೆ ಮೀನಿನ ಹೆಸರು ಬರೆದಿಟ್ಟ ಹೆಲ್ಸಿಂಕಿಯ ಹುಡುಗ

ಮಕ್ಕಳೇ, ಮೊದಲು ಅಟ್ಲಾಸ್ ತೆಗೆಯಿರಿ. ಮಂಗಳೂರಿನ ಮೇಲೆ ಬೆರಳಿಟ್ಟು ನೇರವಾಗಿ ಪಶ್ಚಿಮಕ್ಕೆ ಎಳೆಯುತ್ತಾ ಹೋಗಿ. ಅರಬ್ಬಿ ಸಮುದ್ರವೆಲ್ಲ ದಾಟಿದ ಮೇಲೆ ಬೆರಳು ಏಡನ್ ಪಟ್ಟಣದ ಹತ್ತಿರ ಹೋಗಿ ನಿಲ್ಲುತ್ತದೆ. ಅದು ಯೆಮೆನ್ ದೇಶ. ಅಲ್ಲಿಂದ ಒಂದಿಷ್ಟು ಮೇಲೆ, ಕೆಂಪು ಸಮುದ್ರದ ದಡದಲ್ಲಿ ಮೋಖಾ ಎಂಬ ಹಳೆಯ ಬಂದರು ಇದೆ. ಈಗ ಬೆರಳನ್ನು ಎತ್ತಿ ಯೂರೋಪಿನ ಉತ್ತರಕ್ಕೆ, ಫಿನ್ಲೆಂಡಿನ ಹೆಲ್ಸಿಂಕಿಯ ಮೇಲೆ ಇಡಿ. ಚಳಿಗಾಲದಲ್ಲಿ ಅಲ್ಲಿನ ಕಡಲೇ ಹೆಪ್ಪುಗಟ್ಟುತ್ತದೆ.

ಹೆಲ್ಸಿಂಕಿಯಲ್ಲಿ ಹುಟ್ಟಿದ ಒಬ್ಬ ಹುಡುಗ ಈ ಮೋಖಾ ದಡದಲ್ಲಿ ಓಡಾಡಿ, ಬೆಸ್ತರನ್ನು ಕೇಳಿ ಕೇಳಿ ಮೀನುಗಳ ವಿವರ ಬರೆದುಕೊಂಡ. ಆ ಬರಹದಿಂದಾದ ಪುಸ್ತಕದಲ್ಲಿ ಮಂಗಳೂರಿನವರ ಅಚ್ಚುಮೆಚ್ಚಿನ ಕಾಣೆ ಮೀನೂ ಇದೆ. ಕಾಣೆಯ ಶಾಸ್ತ್ರೀಯ ಹೆಸರು ಸಿಲ್ಲಾಗೋ ಸಿಹಾಮಾ. ಅದರಲ್ಲಿನ ಸಿಹಾಮಾ ಎಂಬ ಪದ ಮೊದಲು ಅಚ್ಚಾದದ್ದು 1775ರ ಆ ಪುಸ್ತಕದಲ್ಲಿ. ಹುಡುಗನ ಹೆಸರು ಪೀಟರ್ ಫೋರ್ಸ್‌ಕೋಲ್.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಮುದುಕನಿಗೆ ಮೀನಿನ ಉಸಾಬರಿ ಯಾಕೆ ಎನ್ನಬೇಡಿ. ಕಾರಣ ಇದೆ, ಹೇಳುತ್ತೇನೆ.

ಕಡಲಿಲ್ಲದ ನಾಲ್ಕು ತಾಲ್ಲೂಕು

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಕಡಲಿನ ನಂಟು ಇಲ್ಲ. ಚನ್ನಗಿರಿ ಕಡೆಯ ಮಕ್ಕಳಿಗೆ ಸೂಳೆಕೆರೆಯೇ ಸಮುದ್ರ. ಅದಕ್ಕೆ ಶಾಂತಿಸಾಗರ ಎಂದೇ ಹೆಸರಿದೆಯಲ್ಲ! ಹೊನ್ನಾಳಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನಮ್ಮ ನೀರು ಮೂಡಣ ಕಡಲಿಗೆ ಹೋದರೆ, ನಮ್ಮ ಮಕ್ಕಳು ಓದಲು ಪಡುವಣ ಕಡಲಿಗೆ ಹೋಗುತ್ತಾರೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು, ಹೀಗೆ ಒಬ್ಬೊಬ್ಬರು ಒಂದೊಂದು ಕಡೆ.

ಹಾಸ್ಟೆಲ್ ಫೀಸಿನ ಡಿ.ಡಿ. ತೆಗೆಸಲು ಕೌಂಟರಿಗೆ ಬರುತ್ತಿದ್ದ ಅಜ್ಜಂದಿರ ಮುಖದಲ್ಲಿ ದುಡ್ಡಿಗಿಂತ ದೊಡ್ಡ ಚಿಂತೆ ಇರುತ್ತಿತ್ತು. "ಅಲ್ರೀ ಸಾರ್, ಅಲ್ಲಿ ಬರೀ ಉಪ್ಪು ನೀರಂತೆ. ಹುಡುಗ ಸ್ನಾನ ಹೆಂಗೆ ಮಾಡ್ತಾನ್ರೀ?" "ರೊಟ್ಟಿ ಸಿಗಲ್ವಂತೆ, ಕುಚ್ಚಲಕ್ಕಿ ಅನ್ನವಂತೆ. ಹೊಟ್ಟೆಗೆ ಒಗ್ಗುತ್ತೇನ್ರೀ?" ಬೆವರು, ಜೂನ್‌ನಲ್ಲಿ ಹಿಡಿದರೆ ಬಿಡದ ಮಳೆ, ಒಣಗದ ಬಟ್ಟೆ, ಕಿವಿಗೆ ಹೊಸದಾದ ತುಳು, ಕೊಂಕಣಿ, ಬ್ಯಾರಿ ಮಾತು. ಬಯಲುಸೀಮೆಯ ಹುಡುಗನಿಗೆ ಅದು ಪರದೇಶವೇ ಸರಿ. ಈಗಿನ ಮೊಮ್ಮಕ್ಕಳಂತೂ ನಿಜವಾದ ಪರದೇಶಕ್ಕೇ ಹಾರುತ್ತಾರೆ.

ಊರು ಬಿಟ್ಟು ಕಡಲ ದಡದಲ್ಲಿ ಬದುಕುವವನು ದಿನ ಕಳೆಯುವುದು ಹೇಗೆ, ಏನು ಗಳಿಸಬಹುದು, ಯಾವುದಕ್ಕೆ ಎಚ್ಚರವಾಗಿರಬೇಕು ಎಂದು ಯೋಚಿಸುವಾಗೆಲ್ಲ ನನಗೆ ಈ ಫೋರ್ಸ್‌ಕೋಲ್ ನೆನಪಾಗುತ್ತಾನೆ.

ಗುರುವಿನ ಹಟಮಾರಿ ಶಿಷ್ಯ

ಫೋರ್ಸ್‌ಕೋಲ್ ಹುಟ್ಟಿದ್ದು 1732ರ ಜನವರಿ 11ರಂದು. ತಂದೆ ಚರ್ಚಿನ ಪಾದ್ರಿ. ಆಗ ಫಿನ್ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಹುಡುಗ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಲಿನೇಯಸ್ ಅವರ ಶಿಷ್ಯನಾದ. ಪ್ರತಿಯೊಂದು ಗಿಡಕ್ಕೂ ಪ್ರಾಣಿಗೂ ಎರಡು ಪದದ ಶಾಸ್ತ್ರೀಯ ಹೆಸರು ಕೊಡುವ ಪದ್ಧತಿಯನ್ನು ಜಗತ್ತಿಗೆ ಕೊಟ್ಟವರು ಇವರೇ. ಲಿನೇಯಸ್ ತಮ್ಮ ಶಿಷ್ಯರನ್ನು ದೇಶದೇಶಗಳಿಗೆ ಕಳಿಸಿ ಗಿಡ, ಬೀಜ, ಮೀನು, ಹುಳು ತರಿಸುತ್ತಿದ್ದರು.

ಫೋರ್ಸ್‌ಕೋಲ್ ಭಾರಿ ಹಟವಾದಿ. 1759ರಲ್ಲಿ ಜನರಿಗೆ ಮಾತಾಡುವ, ಬರೆಯುವ ಸ್ವಾತಂತ್ರ್ಯ ಬೇಕೆಂದು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ಹಂಚಿದ ಪ್ರತಿಗಳನ್ನು ವಾಪಸು ತರಿಸಬೇಕೆಂಬ ಆಜ್ಞೆ ವಿಶ್ವವಿದ್ಯಾಲಯದ ಮುಖ್ಯಸ್ಥರಿಗೆ ಬಂತು. ಆಗ ಮುಖ್ಯಸ್ಥರಾಗಿದ್ದವರು ಯಾರು ಗೊತ್ತೇ? ಗುರು ಲಿನೇಯಸ್ಸೇ! ಅವರ ಕೈಗೆ ಸಿಕ್ಕಿದ್ದು ಕೆಲವೇ ಪ್ರತಿ. ಏಳು ವರ್ಷದ ನಂತರ, 1766ರಲ್ಲಿ, ಸ್ವೀಡನ್ ಮುದ್ರಣ ಸ್ವಾತಂತ್ರ್ಯದ ಕಾನೂನು ಮಾಡಿತು. ಜಗತ್ತಿನಲ್ಲಿ ಅಂಥ ಕಾನೂನು ಅದೇ ಮೊದಲು. ನೋಡಲು ಫೋರ್ಸ್‌ಕೋಲ್ ಇರಲಿಲ್ಲ.

ಡೆನ್ಮಾರ್ಕಿನ ರಾಜ ಐದನೇ ಫ್ರೆಡರಿಕ್ ಅರಬ್ ನಾಡಿಗೆ ಒಂದು ತಂಡ ಕಳಿಸಿದ. ಗಿಡ, ಪ್ರಾಣಿಗಳ ಕೆಲಸಕ್ಕೆ ಫೋರ್ಸ್‌ಕೋಲ್, ನಕ್ಷೆ ಬರೆಯಲು ಕಾರ್ಸ್ಟನ್ ನೀಬೂರ್, ಒಬ್ಬ ಭಾಷಾ ಪಂಡಿತ, ಒಬ್ಬ ವೈದ್ಯ, ಒಬ್ಬ ಚಿತ್ರಕಾರ, ಒಬ್ಬ ಸಹಾಯಕ, ಒಟ್ಟು ಆರು ಜನ. ದುಡ್ಡಿನ ಲೆಕ್ಕ ನೀಬೂರ್ ಕೈಯಲ್ಲಿ. 1761ರ ಜನವರಿಯಲ್ಲಿ ಕೋಪನ್‌ಹೇಗನ್ ಬಿಟ್ಟರು. ಒಂದು ವರ್ಷ ಈಜಿಪ್ಟಿನಲ್ಲಿದ್ದು, ಸುಯೆಜ್‌ನಿಂದ ಹಡಗು ಹತ್ತಿ ಜೆದ್ದಾ ಮಾರ್ಗವಾಗಿ 1762ರ ಡಿಸೆಂಬರ್ ಕೊನೆಗೆ ಯೆಮೆನ್ನಿನ ಲೊಹೈಯಾ ಬಂದರು ಮುಟ್ಟಿದರು.

ಕಡಲ ದಡದ ದಿನಗಳು

ಅಲ್ಲಿ ಫೋರ್ಸ್‌ಕೋಲ್ ದೊರೆಮಗನಂತೆ ಇರಲಿಲ್ಲ. ಅರಬ್ಬಿ ಮಾತು ಕಲಿತಿದ್ದ. ಊರಿನ ಸಾಮಾನ್ಯ ಜನರಂತೆ ಬಟ್ಟೆ ತೊಟ್ಟು, ಕತ್ತೆ ಮೇಲೆ ಕೂತು ಗುಡ್ಡಗಾಡು ಸುತ್ತುತ್ತಿದ್ದ. ಈಜಿಪ್ಟಿನಲ್ಲಿ ಕಳ್ಳರು ಮೈಮೇಲಿನ ಬಟ್ಟೆಯನ್ನೂ ಬಿಡದೆ ದೋಚಿದ್ದರು. ಬಡವನಂತೆ ಕಾಣುವುದೇ ಕ್ಷೇಮ ಎಂಬುದು ಅಲ್ಲಿ ಕಲಿತ ಪಾಠ. ಕರಾವಳಿಯ ಹಗಲಿನ ಬಿಸಿಲು ತಡೆಯಲಾಗದು, ಹಾಗಾಗಿ ಊರಿಂದೂರಿಗೆ ರಾತ್ರಿ ಹೊತ್ತು ಪಯಣ. ಸ್ಥಳೀಯ ಜನರೊಂದಿಗೆ ಅತ್ಯಂತ ಮರ್ಯಾದೆಯಿಂದ ನಡೆದುಕೊಳ್ಳಬೇಕು ಎಂದು ರಾಜನೇ ಬರೆದು ಕೊಟ್ಟಿದ್ದ.

ಕುಡಿಯಲು ಅಲ್ಲಿ ಕಿಶ್ರ್ ಎಂಬ ಪಾನೀಯ. ಕಾಫಿ ಬೀಜದ್ದಲ್ಲ, ಕಾಫಿ ಹಣ್ಣಿನ ಒಣಸಿಪ್ಪೆಯನ್ನು ಕುದಿಸಿದ್ದು. ಬೀಜ ಮಾರಾಟಕ್ಕೆ, ಸಿಪ್ಪೆ ಮನೆಗೆ! ನಮ್ಮ ಕಡೆ ಒಳ್ಳೆಯ ಅಡಿಕೆಯನ್ನು ಮಂಡಿಗೆ ಕಳಿಸಿ ಉಳಿದದ್ದನ್ನು ಮನೆಗೆ ಇಟ್ಟುಕೊಳ್ಳುವ ಹಾಗೆ. ಹಾದಿಯೆ ಎಂಬಲ್ಲಿನ ಕಾಫಿ ಗುಡ್ಡಗಳನ್ನು ಫೋರ್ಸ್‌ಕೋಲ್ ಹತ್ತಿ ನೋಡಿದ. ಆ ಸೀಮೆಯ ಕಾಫಿಯೇ ಮೋಖಾ ಬಂದರಿನಿಂದ ಲೋಕಕ್ಕೆಲ್ಲ ಹೋಗುತ್ತಿತ್ತು. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಪ್ರತೀತಿ ಅಜ್ಜ ಅಜ್ಜಿಯರಿಗೆ ಗೊತ್ತಿದ್ದದ್ದೇ. ಆ ಬೀಜವೂ ಯೆಮೆನ್ನಿನದೇ ಎನ್ನುತ್ತಾರೆ.

ಲೊಹೈಯಾದಲ್ಲಿ ಒಂದು ತಮಾಷೆ ನಡೆಯಿತು. ಫೋರ್ಸ್‌ಕೋಲ್ ತನ್ನ ಸೂಕ್ಷ್ಮದರ್ಶಕದಲ್ಲಿ ಒಂದು ಹೇನನ್ನು ಇಟ್ಟು ಊರಿನ ಅಧಿಕಾರಿಗೆ ತೋರಿಸಿದ. ಅಧಿಕಾರಿ ಬೆರಗಾದ. ಅವನ ಸೇವಕ ಮಾತ್ರ ಒಪ್ಪಲಿಲ್ಲ. ಇಷ್ಟು ದೊಡ್ಡ ಹೇನು ನಮ್ಮ ನಾಡಿನಲ್ಲಿ ಇಲ್ಲವೇ ಇಲ್ಲ, ಇದು ನಿಮ್ಮ ಯೂರೋಪಿನದೇ ಇರಬೇಕು ಎಂದುಬಿಟ್ಟ! ಈ ಪ್ರಸಂಗವನ್ನು ಬರೆದಿಟ್ಟವನು ನೀಬೂರ್.

ಕಷ್ಟಕ್ಕೂ ಕಡಿಮೆ ಇರಲಿಲ್ಲ. ಮೀನು ಕೆಡದಂತೆ ಮದ್ಯಸಾರದಲ್ಲಿ ಮುಳುಗಿಸಿ ಇಟ್ಟಿದ್ದರು. ಮೋಖಾದ ಸುಂಕದ ಕಟ್ಟೆಯಲ್ಲಿ ಅದನ್ನು ಬಿಚ್ಚಿಸಿದರು. ನಾತವೋ ನಾತ! ಅದರ ಮೇಲೆ ಮದ್ಯದ ವಾಸನೆ. ಮದ್ಯ ನಿಷಿದ್ಧವಾದ ಊರಿನ ಜನ ಸಿಟ್ಟಾದರು. ಇವರ ಸಾಮಾನುಗಳನ್ನು ಕಿಟಕಿಯಿಂದ ಬೀದಿಗೆ ಎಸೆದರು. ಎಷ್ಟೋ ದಿನದ ದುಡಿಮೆ ಮಣ್ಣುಪಾಲಾಯಿತು.

ಫೋರ್ಸ್‌ಕೋಲ್ ಮೀನನ್ನು ಉಳಿಸಲು ಇನ್ನೊಂದು ಉಪಾಯವನ್ನೂ ಮಾಡುತ್ತಿದ್ದ. ಮೀನಿನ ಒಂದು ಮಗ್ಗುಲಿನ ಚರ್ಮವನ್ನು ಬಿಡಿಸಿ, ನಾವು ಪುಸ್ತಕದ ನಡುವೆ ಅರಳಿ ಎಲೆ ಒಣಗಿಸುವಂತೆ ಒತ್ತಿ ಒಣಗಿಸಿ, ಕಾಗದಕ್ಕೆ ಅಂಟಿಸುವುದು. ಹಾಗೆ ಅಂಟಿಸಿದ ಸುಮಾರು ನೂರು ಮೀನುಗಳು 260 ವರ್ಷ ಕಳೆದರೂ ಕೋಪನ್‌ಹೇಗನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಇವೆ.

ಹೆಸರು ಕೇಳಿ ಬರೆದವನು

ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇನ್ನೊಂದು. ಬೇರೆ ನಾಡಿಗೆ ಹೋದ ಪಂಡಿತರು ಅಲ್ಲಿನ ಜೀವಿಗಳಿಗೆ ತಮ್ಮ ಅರಸರ ಹೆಸರನ್ನೋ ಗೆಳೆಯರ ಹೆಸರನ್ನೋ ಇಡುವುದುಂಟು. ಫೋರ್ಸ್‌ಕೋಲ್ ಬೆಸ್ತರನ್ನು ಕೇಳಿದ. ಅವರು ಏನೆಂದರೋ ಅದನ್ನೇ ಬರೆದ. ಬೊಹಾರ್, ಹರಾಕ್, ಸೊಹಾಲ್, ಅಬುದೆಫ್ದುಫ್. ಇವೆಲ್ಲ ಕೆಂಪು ಸಮುದ್ರದ ಬೆಸ್ತರ ಬಾಯಿಂದ ಬಂದ ಅರಬ್ಬಿ ಹೆಸರುಗಳು. ಇಂದು ಜಪಾನಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಮೀನುಶಾಸ್ತ್ರ ಓದುವವರು ಆ ಮೀನುಗಳನ್ನು ಇದೇ ಪದಗಳಿಂದ ಗುರುತಿಸುತ್ತಾರೆ. ಓದು ಬಾರದ ಆ ಬೆಸ್ತರ ಮಾತು ಲೋಕದ ಪುಸ್ತಕ ಸೇರಿತು.

ಆದರೆ ಫೋರ್ಸ್‌ಕೋಲ್ ಊರಿಗೆ ಮರಳಲಿಲ್ಲ. 1763ರ ಬೇಸಿಗೆಯಲ್ಲಿ ತಂಡಕ್ಕೆ ಜ್ವರ ಬಡಿಯಿತು. ಭಾಷಾ ಪಂಡಿತ ಮೇ ತಿಂಗಳಲ್ಲಿ ಮೋಖಾದಲ್ಲಿ ತೀರಿಕೊಂಡ. ರಾಜಧಾನಿ ಸನಾಕ್ಕೆ ಹೋಗುವ ದಾರಿಯಲ್ಲಿ, ಯರೀಮ್ ಎಂಬ ಊರಿನಲ್ಲಿ, ಜುಲೈ 11ರಂದು ಫೋರ್ಸ್‌ಕೋಲ್ ಕಣ್ಣು ಮುಚ್ಚಿದ. ವಯಸ್ಸು 31. ಉಳಿದವರು ಮುಂಬಯಿಯ ಹಡಗು ಹತ್ತಿದರು. ಚಿತ್ರಕಾರ ಮತ್ತು ಸಹಾಯಕ ಸಮುದ್ರದ ಮೇಲೆಯೇ ಹೋದರು, ವೈದ್ಯ ಮುಂಬಯಿಯಲ್ಲಿ. 1767ರಲ್ಲಿ ಕೋಪನ್‌ಹೇಗನ್ ಮುಟ್ಟಿದವನು ನೀಬೂರ್ ಒಬ್ಬನೇ.

ಅದು ಮಲೇರಿಯಾ, ನಮ್ಮ ಹಿರಿಯರು ಚಳಿಜ್ವರ ಎನ್ನುತ್ತಿದ್ದರಲ್ಲ, ಅದೇ. ಸೊಳ್ಳೆಯೇ ಅದಕ್ಕೆ ಕಾರಣವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ನಮ್ಮ ದೇಶದ ಸಿಕಂದರಾಬಾದಿನಲ್ಲಿ. ಆ ಹೊತ್ತಿಗೆ ಫೋರ್ಸ್‌ಕೋಲ್ ಸತ್ತು 134 ವರ್ಷ. ಇಂದು ಸೊಳ್ಳೆ ಪರದೆ ಇದೆ, ರಕ್ತ ಪರೀಕ್ಷೆ ಇದೆ, ಮಾತ್ರೆ ಇದೆ. ಕರಾವಳಿಯ ಹಾಸ್ಟೆಲಿನಲ್ಲಿರುವ ಮಕ್ಕಳೇ, ಚಳಿ ಜ್ವರ ಬಂದರೆ ಪರೀಕ್ಷೆ ಹತ್ತಿರ ಇದೆಯೆಂದು ಮುಚ್ಚಿಟ್ಟುಕೊಳ್ಳಬೇಡಿ. ಅಜ್ಜಿಗೆ ಫೋನ್ ಮಾಡಿ ಹೇಳಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಮೊದಲು ಡಾಕ್ಟರು ಎಂದರೆ ಇನ್ನೂ ಒಳ್ಳೆಯದು!

ಗೆಳೆಯನ ಟಿಪ್ಪಣಿಗಳನ್ನು ನೀಬೂರ್ ಜೋಪಾನವಾಗಿ ತಂದು, 1775ರಲ್ಲಿ ಪುಸ್ತಕಗಳಾಗಿ ಹೊರತಂದ. ಗುರು ಲಿನೇಯಸ್ ಅವರು ಶಿಷ್ಯನ ನೆನಪಿಗೆ ತುರಿಕೆ ಗಿಡದ ಬಳಗದ ಒಂದು ಗಿಡಕ್ಕೆ ಅವನ ಹೆಸರಿಟ್ಟರು: ಫೋರ್ಸ್‌ಕೋಲಿಯಾ ಟೆನಾಸಿಸ್ಸಿಮಾ. ಎರಡನೆಯ ಪದದ ಅರ್ಥ, ಹಿಡಿದರೆ ಬಿಡದ್ದು. ಬಟ್ಟೆಗೆ ಅಂಟಿಕೊಂಡರೆ ಕಿತ್ತರೂ ಬಾರದ ಗಿಡವದು. ಹಟಮಾರಿ ಶಿಷ್ಯನಿಗೆ ತಕ್ಕ ಹೆಸರು.

ನಿಮ್ಮ ನೋಟ್‌ಬುಕ್

ಲೆಡ್ಜರಿನಲ್ಲಿ ತಾರೀಖು, ವಿವರ, ಮೊತ್ತ ಎಂಬ ಕಲಮುಗಳಿರುತ್ತವೆ. ಬರೆದವನು ವರ್ಗವಾಗಿ ಹೋದರೂ, ನಿವೃತ್ತನಾದರೂ, ಬರೆದ ಸಾಲು ಮುಂದಿನವರಿಗೆ ಸಿಗಬೇಕು. ಫೋರ್ಸ್‌ಕೋಲ್ ಮಾಡಿದ್ದೂ ಅದನ್ನೇ. ಮಕ್ಕಳೂ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಿರಿ: ತಾರೀಖು, ಜಾಗ, ನೋಡಿದ್ದು, ಅದರ ಹೆಸರು, ಹೆಸರು ಹೇಳಿದವರು ಯಾರು.

ಸೂಳೆಕೆರೆಯ ದಡದಲ್ಲಿ ಬಲೆ ಹಾಕುವವರನ್ನು ಕೇಳಿ. ಕೊರವ, ಬಾಳೆಮೀನು, ಚೇಳುಮೀನು, ಇನ್ನೂ ಯಾವ ಯಾವ ಹೆಸರು ಅವರ ಬಾಯಲ್ಲಿವೆಯೋ ಬರೆದುಕೊಳ್ಳಿ. ಹೊನ್ನಾಳಿಯ ಹೊಳೆದಂಡೆಯ ಹಕ್ಕಿಗಳಿಗೆ ಅಂಬಿಗರು ಏನನ್ನುತ್ತಾರೆ? ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಅದು ಮೇಯುವ ಹುಲ್ಲುಗಳ ಹೆಸರು ಕುರಿ ಕಾಯುವ ತಾತನಿಗೆ ಗೊತ್ತು, ನಿಮ್ಮ ಪಠ್ಯಪುಸ್ತಕಕ್ಕೆ ಗೊತ್ತಿಲ್ಲ. ನ್ಯಾಮತಿಯ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ ಸೊಪ್ಪು ಗುರುತು ಹಿಡಿದು ಕಿತ್ತು ತರುವ ಅಜ್ಜಿಯರು ಇನ್ನೂ ಇದ್ದಾರೆ. ಅವರ ಜೊತೆ ಒಂದು ಬೆಳಿಗ್ಗೆ ಹೋಗಿ ಬನ್ನಿ.

ಅಜ್ಜ ಅಜ್ಜಿಯರಲ್ಲೂ ಒಂದು ಮಾತು. ನಾವು ಎಪ್ಪತ್ತು ದಾಟಿದವರು. ನಮ್ಮ ತಲೆಯಲ್ಲಿ ಇರುವ ಹೆಸರುಗಳು ನಮ್ಮ ಜೊತೆಯಲ್ಲೇ ಹೋಗಬಾರದು. ಮೊಮ್ಮಗು ಪ್ರಶ್ನೆ ಕೇಳಿದಾಗ "ಅದನ್ನ ಕಟ್ಟಿಕೊಂಡು ನಿಂಗೇನಾಗ್ಬೇಕು" ಎನ್ನಬೇಡಿ. ಕೂರಿಸಿಕೊಂಡು ಹೇಳಿ. ಆ ಮಗು ನಾಳೆ ಸುರತ್ಕಲ್ಲಿಗೋ ಹೆಲ್ಸಿಂಕಿಗೋ ಹೋದಾಗ, ಊರಿನವರನ್ನು ಕೇಳಿ ತಿಳಿಯುವ ಅಭ್ಯಾಸ ಅದರ ಜೊತೆಗೆ ಹೋಗುತ್ತದೆ. ಕೇಳಲು ಬರುವವನಿಗೆ ಯಾವ ದಡವೂ ಬಹಳ ದಿನ ಪರಊರಾಗಿ ಉಳಿಯುವುದಿಲ್ಲ.

ಬರುವ ಭಾನುವಾರ ಮೊದಲ ಪುಟ ಬರೆಯಿರಿ. ಐದು ಹೆಸರು ಸಾಕು. ಐದನೆಯ ಕಲಮಿನಲ್ಲಿ ಹೇಳಿದವರ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ.