ತಿರುಗುವ ಕೋಲಿಗೆ ಹದಿಮೂರು ವೈರು

ಸೀಲಿಂಗ್ ಫ್ಯಾನಿನ ಹಳೆಯ ರೆಗ್ಯುಲೇಟರನ್ನು ತಿರುಗಿಸದ ಕೈ ಯಾವುದಿದೆ? ಹೆಜ್ಜೆ ಹೆಜ್ಜೆಗೂ ‘ಟಕ್’ ಎಂದು ನಿಲ್ಲುವ ಆ ಗುಂಡಿಯನ್ನು ಒಂದು ಕೋಲಿಗೆ ಸೇರಿಸಿ, ಕೋಲು ಎಂಟು ದಿಕ್ಕಿಗೂ ವಾಲುವಂತೆ ಮಾಡಿದರೆ ಅದೇ ‘ರೋಟರಿ ಜಾಯ್‌ಸ್ಟಿಕ್’. ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳಲ್ಲಿ 1980ರ ದಶಕದ ಮಧ್ಯದಲ್ಲಿ ಹೆಸರು ಮಾಡಿ, ಕೆಲವೇ ವರ್ಷಗಳಲ್ಲಿ ಬಳಕೆ ತಪ್ಪಿದ ಸಾಧನವಿದು. ಇಂದಿನ ಕಂಪ್ಯೂಟರಿಗೆ ಅದನ್ನು ಜೋಡಿಸುವುದು ತಲೆನೋವಿನ ಕೆಲಸವೆನಿಸುತ್ತದೆ. ಆದರೆ ತೊಡಕು ಎಲ್ಲಿದೆ ಎಂಬುದನ್ನು ಅರಿತರೆ ಪರಿಹಾರ ಕಷ್ಟವಲ್ಲ.

ಇಂಥ ಯಂತ್ರಗಳ ಅಂಗಡಿಗಳು ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರುಗಳಿಗೆ ಪರವಾನಗಿ ಬೇಕೇ ಎಂಬ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಬೇಕೆಂಬ ತೀರ್ಪು 1995ರಲ್ಲಿ ಬಂದಿತ್ತು. ಆ ಕಾಲದ ಯಂತ್ರಗಳು ಮೂಲೆ ಸೇರಿದರೂ ಆಟಗಳು ಉಳಿದುಕೊಂಡಿವೆ. ಉಳಿಯದೆ ಹೋಗುತ್ತಿರುವುದು ಅವನ್ನು ಆಡುತ್ತಿದ್ದ ಕೈಯ ಚಲನೆ.

ಓಟ ಒಂದೆಡೆ, ಗುರಿ ಇನ್ನೊಂದೆಡೆ

ಜಪಾನಿನ ಒಸಾಕಾದ ಎಸ್‌ಎನ್‌ಕೆ ಕಂಪನಿ 1985ರಲ್ಲಿ ‘ಟಿಎನ್‌ಕೆ 3’ ಎಂಬ ಟ್ಯಾಂಕ್ ಆಟಕ್ಕೆ ಈ ಕೋಲನ್ನು ಬಳಸಿತು. 1986ರ ‘ಇಕಾರಿ ವಾರಿಯರ್ಸ್’ ಅದನ್ನು ಜನಪ್ರಿಯಗೊಳಿಸಿತು. ಡೇಟಾ ಈಸ್ಟ್ ಕಂಪನಿಯ ‘ಹೆವಿ ಬ್ಯಾರೆಲ್’ (1987) ಮತ್ತು ‘ಮಿಡ್‌ನೈಟ್ ರೆಸಿಸ್ಟೆನ್ಸ್’ (1989) ಅದೇ ದಾರಿ ಹಿಡಿದವು. ಕೋಲನ್ನು ವಾಲಿಸಿದ ಕಡೆ ಸೈನಿಕ ಓಡುತ್ತಾನೆ. ತಿರುಚಿದ ಕಡೆ ಬಂದೂಕು ತಿರುಗುತ್ತದೆ. ಹಿಂದೆ ಸರಿಯುತ್ತಲೇ ಮುಂದಿನ ಶತ್ರುವಿಗೆ ಗುಂಡು ಹಾರಿಸಬಹುದು. ಒಂದು ಪೂರ್ತಿ ಸುತ್ತಿಗೆ 12 ನಿಲುಗಡೆ, ಒಂದೊಂದಕ್ಕೆ 30 ಡಿಗ್ರಿ.

‘ಇಕಾರಿ’ ನಿಂಟೆಂಡೊ ಕಂಪನಿಯ ಮನೆಯ ಯಂತ್ರಕ್ಕೆ ಬಂದಾಗ ಈ ತಿರುಚುವಿಕೆ ಬಿಟ್ಟುಹೋಯಿತು. ಸೈನಿಕ ನಡೆದ ಕಡೆಗೇ ಗುಂಡು! 2018ರಲ್ಲಿ ಎಸ್‌ಎನ್‌ಕೆ ಹೊರತಂದ ಹಳೆಯ ಆಟಗಳ ಸಂಗ್ರಹದಲ್ಲಿ ಗುರಿಯಿಡಲು ಎರಡನೇ ಕೋಲನ್ನು ಕೊಡಲಾಯಿತು. 1997ರಲ್ಲಿ ಆರಂಭವಾದ ‘ಮೇಮ್’ ಎಂಬ ತಂತ್ರಾಂಶ ಹಳೆಯ ಯಂತ್ರಗಳ ಮೂಲ ಆಟವನ್ನೇ ಕಂಪ್ಯೂಟರಿನಲ್ಲಿ ಓಡಿಸುತ್ತದೆ. ಆದರೆ ಕೀಲಿಮಣೆ ಒತ್ತುವುದಕ್ಕೂ ಕೋಲು ತಿರುಚುವುದಕ್ಕೂ ಎಲ್ಲಿಯ ಹೋಲಿಕೆ?

ತೊಡಕು ಎಲ್ಲಿ?

ಸಾಮಾನ್ಯ ಜಾಯ್‌ಸ್ಟಿಕ್ಕಿನೊಳಗೆ ಇರುವುದು ನಾಲ್ಕು ಸ್ವಿಚ್ಚು, ಕಾಲಿಂಗ್ ಬೆಲ್ಲಿನ ಗುಂಡಿಯಂತೆ. ‘ಇಂಟರ್‌ಫೇಸ್’ ಎಂಬ ಚಿಕ್ಕ ಬೋರ್ಡು ಅವನ್ನು ಗಮನಿಸುತ್ತ, ಇಂಥ ಕೀಲಿ ಒತ್ತಲಾಗಿದೆ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ತಿರುಗುವ ಕೋಲಿಗೆ ಇದರ ಜೊತೆಗೆ 12 ನಿಲುಗಡೆಗಳ 12 ವೈರು, ಎಲ್ಲಕ್ಕೂ ಸೇರಿದ ಇನ್ನೊಂದು, ಒಟ್ಟು 13. ಇಬ್ಬರು ಆಟಗಾರರಿದ್ದರೆ 26! ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕೋಲು ಎಲ್ಲಿಯೇ ನಿಂತರೂ ಒಂದು ಸ್ವಿಚ್ಚು ಕೂಡಿಕೊಂಡೇ ಇರುತ್ತದೆ. ಯಾರೋ ಕೀಲಿಯ ಮೇಲಿನ ಬೆರಳು ತೆಗೆಯುತ್ತಲೇ ಇಲ್ಲ ಎಂದು ಕಂಪ್ಯೂಟರ್ ಭಾವಿಸುತ್ತದೆ.

ಪರಿಹಾರದ ಗುಟ್ಟು ಇಷ್ಟೆ: ಕೋಲು ಎಲ್ಲಿದೆ ಎಂದು ಹೇಳುವುದು ಬೇಡ, ಎತ್ತ ತಿರುಗಿತು ಎಂದಷ್ಟೇ ಹೇಳಿದರೆ ಸಾಕು. ಮೂರರಿಂದ ನಾಲ್ಕಕ್ಕೆ ಹೋದರೆ ‘ಬಲಕ್ಕೆ ಒಂದು’, ನಾಲ್ಕರಿಂದ ಮೂರಕ್ಕೆ ಬಂದರೆ ‘ಎಡಕ್ಕೆ ಒಂದು’. ಹನ್ನೆರಡರಿಂದ ಒಂದಕ್ಕೆ ಹೋದರೆ ಹನ್ನೊಂದು ಹೆಜ್ಜೆ ಹಿಂದಕ್ಕಲ್ಲ, ಬಲಕ್ಕೆ ಒಂದೇ ಹೆಜ್ಜೆ. ಗಡಿಯಾರದ ಮುಳ್ಳಿನ ಲೆಕ್ಕವೇ ಇಲ್ಲಿಯೂ. ಕಂಪ್ಯೂಟರಿಗೆ ತಲುಪಬೇಕಾದವು ಎರಡೇ ಕೀಲಿಗಳು.

ಆ ಕೀಲಿಯ ‘ಒತ್ತು’ ಎಷ್ಟು ಹೊತ್ತು ಇರಬೇಕು? ಆಟ ಸೆಕೆಂಡಿಗೆ ಸುಮಾರು 60 ಬಾರಿ ಕೋಲಿನತ್ತ ನೋಡುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕಿಂತ ಚಿಕ್ಕದಾದ ಸೂಚನೆ ಅದರ ಕಣ್ಣು ತಪ್ಪಬಹುದು. ತೀರ ದೀರ್ಘವಾದರೆ, ಕೈ ನಿಂತ ಮೇಲೂ ಸೈನಿಕ ತಿರುಗುತ್ತಲೇ ಇರುತ್ತಾನೆ. ಹದ ತಪ್ಪಿದರೆ ಆಟ ಕೆಟ್ಟಂತೆ.

ರೆಗ್ಯುಲೇಟರಿನ ಪಾಠ

ಕೀಲಿಮಣೆಯಂತೆ ವರ್ತಿಸಬಲ್ಲ ‘ಆರ್ಡುಯಿನೊ ಲಿಯೊನಾರ್ಡೊ’ ಎಂಬ ಬೋರ್ಡು 2012ರಲ್ಲಿ ಬಂದ ಮೇಲೆ ಇಂಥ ಇಂಟರ್‌ಫೇಸನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾಗಿದೆ. ಆದರೆ ಅದರಲ್ಲಿರುವ ಪಿನ್ನುಗಳು 20. ಎರಡು ಕೋಲಿಗೆ ಬೇಕಾದುದು 24. ಇಲ್ಲಿ ನೆರವಿಗೆ ಬರುವುದು ಫ್ಯಾನಿನ ಹಳೆಯ ರೆಗ್ಯುಲೇಟರೇ. ಅದರ ಪೆಟ್ಟಿಗೆಯೊಳಗೆ ಪ್ರತಿ ‘ಟಕ್’ಗೂ ವಿದ್ಯುತ್ತಿನ ದಾರಿಯಲ್ಲಿ ಬೇರೆ ಅಳತೆಯ ತಡೆ ಸೇರುತ್ತದೆ. ಅದೇ ರೀತಿ ಕೋಲಿನ 12 ಸಂಪರ್ಕಗಳ ನಡುವೆ ಒಂದೇ ಅಳತೆಯ 11 ರೆಸಿಸ್ಟರುಗಳನ್ನು ಸರಪಳಿಯಂತೆ ಬೆಸೆದು, ಒಂದು ತುದಿಗೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್ ಕೊಟ್ಟರೆ, ಪ್ರತಿ ನಿಲುಗಡೆಗೂ ಬೇರೆ ಬೇರೆ ವೋಲ್ಟೇಜು ಸಿಗುತ್ತದೆ. ಒಂದು ಹೆಜ್ಜೆಗೆ ಸುಮಾರು 0.45 ವೋಲ್ಟಿನ ಅಂತರ. ಬೋರ್ಡು ಇದನ್ನು ಸಲೀಸಾಗಿ ಗುರುತಿಸುತ್ತದೆ. ಹದಿಮೂರು ವೈರಿನ ಜಾಗದಲ್ಲಿ ಮೂರು ಸಾಕು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಳೆಯ ಕೋಲಿನ ವೈರನ್ನು ಕತ್ತರಿಸಬಾರದು. ಅದರ ಪ್ಲಗ್ಗಿಗೆ ಹೊಂದುವ ಕನೆಕ್ಟರನ್ನು ಹುಡುಕಿ ರೆಸಿಸ್ಟರುಗಳನ್ನು ಅದಕ್ಕೆ ಬೆಸೆಯಬೇಕು. ಆಗ ಕೋಲು ಕಂಪ್ಯೂಟರಿನ ಜೊತೆಗೂ ಆಡುತ್ತದೆ. ಮುಂದೊಂದು ದಿನ ಯಾರಾದರೂ ಹಳೆಯ ಯಂತ್ರವನ್ನು ದುರಸ್ತಿ ಮಾಡಿದರೆ ಮರಳಿ ತನ್ನ ಜಾಗವನ್ನೂ ಸೇರುತ್ತದೆ.