ಮಗುವಿನ ಮಾತಿಗೂ ಬೆಲೆ ಇದೆ

"ಮನೆಯವರೇ ಮಗುವಿನ ಮೈಮೇಲೆ ಕೈ ಹಾಕಿದರೆ ಯಾರಿಗೆ ಹೇಳೋಣ? ಪುಟ್ಟ ಮಗುವಿನ ಸಾಕ್ಷಿ ಕೋರ್ಟಿನಲ್ಲಿ ನಡೆಯುತ್ತಾ?" ಎಂದು ಎಷ್ಟೋ ತಾಯಂದಿರು ಅಂಜುತ್ತಾರೆ.

ನಡೆಯುತ್ತೆ. ಸಾಕ್ಷಿ ಹೇಳಲು ಇಷ್ಟೇ ವಯಸ್ಸಾಗಿರಬೇಕು ಅಂತ ಕಾನೂನಿನಲ್ಲಿ ಇಲ್ಲ. ಕೇಳಿದ್ದು ಮಗುವಿಗೆ ತಿಳಿಯಬೇಕು. ತಿಳಿದು ಉತ್ತರ ಹೇಳಬೇಕು. ಇದು ಯಾರೋ ಹೇಳಿಕೊಟ್ಟ ಮಾತೋ, ಮಗುವಿನ ಸ್ವಂತ ಮಾತೋ ಎಂದು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಮಾತು ನಂಬುವಂತಿದ್ದರೆ, ಬೇರೆ ಸಾಕ್ಷಿ ಇಲ್ಲದಿದ್ದರೂ ಶಿಕ್ಷೆ ಕೊಡಬಹುದು.

2012ರ ಪೋಕ್ಸೋ ಕಾಯ್ದೆಯಂತೆ ವಿಚಾರಣೆ ಗುಟ್ಟಾಗಿ ನಡೆಯುತ್ತದೆ. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ವಕೀಲರ ಪ್ರಶ್ನೆಗಳನ್ನು ನ್ಯಾಯಾಧೀಶರೇ ಮಗುವಿಗೆ ಕೇಳುತ್ತಾರೆ. ಮಗು ನಂಬುವವರು ಜೊತೆಗಿರಬಹುದು.

ಆದ್ದರಿಂದ ನಾವು "ಸುಮ್ಮನಿರು, ಮರ್ಯಾದೆ ಹೋಗುತ್ತೆ" ಅನ್ನೋದು ಬೇಡ. ಹೀಗೇ ಹೇಳು ಅಂತ ಕಲಿಸೋದೂ ಬೇಡ. ಮಗು ಹೇಳಿದ್ದನ್ನು ಕಿವಿಗೊಟ್ಟು ಕೇಳೋಣ. ಪೊಲೀಸರಿಗೆ ತಿಳಿಸೋಣ, ಇಲ್ಲವೇ 1098ಕ್ಕೆ ಫೋನ್ ಮಾಡೋಣ.